ಬೇಸಿನ್ ಕೆಳಗಿನ ಕಪಾಟಿಗೆ ಹಲಗೆ ಆರಿಸಿದ ಬಗೆ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಬಚ್ಚಲಿಗೆ ಐದು ವರ್ಷದ ಹಿಂದೆ ಒಂದು ರೆಡಿಮೇಡ್ ಸೆಟ್ ತಂದಿದ್ದೆವು. ಬೇಸಿನ್ನು, ಕನ್ನಡಿ, ಕೆಳಗೊಂದು ಎರಡು ಬಾಗಿಲಿನ ಕಪಾಟು. ಬಿಳೀ ಬಣ್ಣ, ಮುಖ ಕಾಣುವಂಥ ಹೊಳಪು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲುಗಳ ಕೆಳಗಿನ ಅಂಚು ಊದಿ ಒಂದಕ್ಕೊಂದು ತಾಗತೊಡಗಿದವು. ಮೂರನೇ ವರ್ಷ ಒಂದು ಬಾಗಿಲು ಬಿಜಾಗ್ರಿ, ಸ್ಕ್ರೂ ಸಮೇತ ಅತ್ತೆಯವರ ಕೈಗೇ ಬಂದುಬಿಟ್ಟಿತು. ಸ್ಕ್ರೂ ಕಿತ್ತ ಜಾಗದಲ್ಲಿ ಬೆರಳಿಟ್ಟು ಒತ್ತಿದೆ. ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಪುಡಿಪುಡಿಯಾಗಿ ಉದುರಿತು. ಹೊರಗಿನ ಹೊಳಪು ಮಾತ್ರ ಆಗಲೂ ಹಾಗೇ ಇತ್ತು.

ಕಳೆದ ವರ್ಷ ಬಚ್ಚಲನ್ನೇ ಪೂರಾ ಕಿತ್ತು ಹೊಸದಾಗಿ ಮಾಡಿಸುವ ಪ್ರಸಂಗ ಬಂತು. ಪೈಪು ಹಳೆಯದಾಗಿತ್ತು, ಟೈಲ್ಸ್ ಎದ್ದಿದ್ದವು. ಟೈಲ್ಸು, ನಲ್ಲಿ, ಗೀಜರಿನ ಖರ್ಚೇ ಅಂದಾಜು ದಾಟಿದ್ದರಿಂದ ಕಪಾಟಿಗೆ ಉಳಿದದ್ದು ಬೇಸಿನ್ ಬಿಟ್ಟು ಎಂಟು ಸಾವಿರ ರೂಪಾಯಿ. ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಎರಡು ಶೋರೂಮು, ಧಾರವಾಡದಲ್ಲಿ ಮೂರು ಅಂಗಡಿ ತಿರುಗಿದೆ. 24 ಇಂಚಿನ ಕಪಾಟಿಗೆ ಏಳು ಸಾವಿರದಿಂದ ಹಿಡಿದು ಇಪ್ಪತ್ತೆರಡು ಸಾವಿರದವರೆಗೆ ಹೇಳಿದರು. ಎಲ್ಲ ಕಡೆಯೂ ಒಂದೇ ಮಾತು: ‘ಮೇಡಮ್, ಇದು ವಾಟರ್‌ಪ್ರೂಫ್.’ ಒಳಗೆ ಯಾವ ಹಲಗೆ ಇದೆ ಅಂತ ಕೇಳಿದರೆ ಒಬ್ಬರು ‘ಇಂಜಿನಿಯರ್ಡ್ ವುಡ್’ ಅಂದರು. ಕಾರ್ಖಾನೆಯಲ್ಲಿ ಮರಕ್ಕೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಎಲ್ಲವೂ ಅದರಲ್ಲಿ ಬರುತ್ತದೆ. ನನ್ನ ಕೈಯಲ್ಲಿ ಪುಡಿಯಾದದ್ದೂ ಅದೇ ಹೆಸರಿನದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಾತು ಕೇಳಿ ಕೊಳ್ಳುವುದು ಒಮ್ಮೆ ಆಯಿತು, ಈ ಸಲ ಅಳೆದೇ ಕೊಳ್ಳಬೇಕು ಅಂತ ನಿಶ್ಚಯ ಮಾಡಿದೆ. ಪ್ಲೈವುಡ್ ಅಂಗಡಿಯಲ್ಲಿ ಕೊಯ್ದು ಉಳಿದ ತುಂಡುಗಳನ್ನು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮರದ ಚಕ್ಕೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು, ಮರದ ನಾರು ಒತ್ತಿದ ಎಂಡಿಎಫ್, ತೇವ ತಡೆಯುವ, ಹೆಚ್ಚು ಗಟ್ಟಿಯಾದ ಅದೇ ಜಾತಿಯ ಎಚ್‌ಡಿಎಚ್‌ಎಂಆರ್, ಪ್ಲಾಸ್ಟಿಕ್ಕಿನ ಪಿವಿಸಿ ಫೋಮ್ ಬೋರ್ಡು, ಮರೈನ್ ಪ್ಲೈ ಅನ್ನುವ ಐಎಸ್ 710 ಪ್ಲೈ, ಇವುಗಳ ಜೊತೆಗೆ ಐಎಸ್‌ಐ ಗುರುತಿಲ್ಲದೆ ‘ವಾಟರ್‌ಪ್ರೂಫ್’ ಅಂತ ಮಾತ್ರ ಹೊಡೆದ ಅಗ್ಗದ ಒಂದು ಪ್ಲೈ. ಆರೂ ತುಂಡುಗಳನ್ನು ಮೂರಿಂಚು ಚೌಕ ಮಾಡಿಸಿಕೊಂಡು ಬಂದೆ. ಶಾಲೆಯ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ತಂದು ಒಂದೊಂದರ ದಪ್ಪ ಬರೆದಿಟ್ಟು, ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ರುಬ್ಬುವ ಗುಂಡು ಇಟ್ಟೆ. ಮೂರು ದಿನ ಹಾಗೇ ಬಿಟ್ಟೆ.

ಪಾರ್ಟಿಕಲ್ ಬೋರ್ಡು 18 ಮಿಲಿಮೀಟರ್ ಇದ್ದದ್ದು ಅಂಚಿನಲ್ಲಿ 23.4 ಆಗಿತ್ತು, ಮೂಲೆ ಮುಟ್ಟಿದರೆ ಉದುರುತ್ತಿತ್ತು. ಎಂಡಿಎಫ್ 17.9 ಇಂದ 21.8ಕ್ಕೆ ಏರಿತ್ತು. ಎಚ್‌ಡಿಎಚ್‌ಎಂಆರ್ 16.8 ಇದ್ದದ್ದು 17.9. ಐಎಸ್ 710 ಪ್ಲೈ 18.2 ಇಂದ 18.7. ಅಗ್ಗದ ಪ್ಲೈ ಕೂಡ 18.9ರಲ್ಲೇ ನಿಂತಿತ್ತು. ಪಿವಿಸಿ ಕೂದಲಿನಷ್ಟೂ ಬದಲಾಗಿರಲಿಲ್ಲ. ಇದು ಒಂದೊಂದೇ ತುಂಡಿನ ಲೆಕ್ಕ, ಎಲ್ಲ ಕಂಪನಿಗೂ ಇದೇ ಬರುತ್ತದೆ ಅಂತ ತಿಳಿಯಬೇಡಿ. ಆದರೆ ನೀರು ಎಲ್ಲಿಂದ ಒಳಗೆ ಹೋಗುತ್ತದೆ ಅನ್ನುವುದು ಕಣ್ಣಾರೆ ಕಂಡಿತು. ಮೈಕಾ, ಅಂದರೆ ಹೊಳಪಿನ ಗಟ್ಟಿ ಹಾಳೆ, ಅಂಟಿಸಿದ್ದ ತುಂಡುಗಳಲ್ಲಿ ಮೇಲ್ಮೈ ಕೆಟ್ಟಿರಲಿಲ್ಲ. ಊದಿದ್ದೆಲ್ಲ ಕೊಯ್ದ ಅಂಚಿನಲ್ಲಿ, ಅಲ್ಲಿಂದ ಒಳಮುಖವಾಗಿ. ನಮ್ಮ ಹಳೇ ಕಪಾಟಿನ ಬಾಗಿಲನ್ನು ಮತ್ತೆ ತೆಗೆದು ತಿರುಗಿಸಿ ನೋಡಿದೆ. ಮೂರು ಕಡೆ ಅಂಚಿಗೆ ಪಟ್ಟಿ ಅಂಟಿಸಿದ್ದರು. ಕಣ್ಣಿಗೆ ಬೀಳದ ಕೆಳಗಿನ ಅಂಚು ಖಾಲಿ. ನೆಲ ತೊಳೆದ ನೀರು ಸಿಡಿಯುವುದೇ ಅಲ್ಲಿಗೆ.

ಅಂಗಡಿಗೆ ಹೋದಾಗ ಇದೊಂದನ್ನು ತಪ್ಪದೆ ಮಾಡಿ. ಬಾಗಿಲು ತೆರೆದು ಕೆಳಗಿನ ಅಂಚಿಗೆ ಬೆರಳು ಆಡಿಸಿ. ಆಮೇಲೆ ಪೈಪು ಹೋಗಲು ಹಿಂದುಗಡೆ ಕೊರೆದ ತೂತಿನ ಒಳಗೆ ಬ್ಯಾಟರಿ ಹಿಡಿದು ನೋಡಿ. ಹಲಗೆಯ ನಿಜವಾದ ಜಾತಿ ಆ ತೂತಿನಲ್ಲಿ ಕಾಣುತ್ತದೆ: ಚಕ್ಕೆಚಕ್ಕೆ ಇದ್ದರೆ ಪಾರ್ಟಿಕಲ್ ಬೋರ್ಡು, ಒತ್ತಿದ ಹಿಟ್ಟಿನ ಹಾಗಿದ್ದರೆ ಎಂಡಿಎಫ್ ಇಲ್ಲವೇ ಎಚ್‌ಡಿಎಚ್‌ಎಂಆರ್, ಅಡ್ಡ ಪದರ ಕಂಡರೆ ಪ್ಲೈ.

ಪಿವಿಸಿ ಊದದಿದ್ದ ಮೇಲೆ ಅದನ್ನೇ ಯಾಕೆ ತರಲಿಲ್ಲ ಅಂತ ನೀವು ಕೇಳಬಹುದು. ನಾನೂ ಅದಕ್ಕೇ ಮನಸು ಮಾಡಿದ್ದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಆ ತುಂಡು 54 ಗ್ರಾಂ ಬಂತು. ಘನಗಾತ್ರ ಸುಮಾರು 104 ಘನ ಸೆಂಟಿಮೀಟರ್, ಅಂದರೆ ಸಾಂದ್ರತೆ ಘನ ಸೆಂಟಿಮೀಟರಿಗೆ 0.52 ಗ್ರಾಂ. ಒಳಗೆಲ್ಲ ಗಾಳಿಯ ಗುಳ್ಳೆ. ಬಿಜಾಗ್ರಿಗೆ ಹಾಕುವ ಸ್ಕ್ರೂ ಒಂದನ್ನು ಅದರಲ್ಲಿ ಹತ್ತು ಸಲ ಹಾಕಿ ತೆಗೆದೆ. ಏಳನೇ ಸಲಕ್ಕೇ ಹಿಡಿತ ಬಿಟ್ಟು ಸುತ್ತತೊಡಗಿತು. ಪ್ಲೈಯಲ್ಲಿ ಹತ್ತನೇ ಸಲವೂ ಕೈಬಲ ಹಾಕಿಯೇ ತಿರುಗಿಸಬೇಕಾಯಿತು. ಪಿವಿಸಿಯಲ್ಲೂ ಗಟ್ಟಿ ಇರುವವು ಸಿಗುತ್ತವೆ, ಆದರೆ ಅವುಗಳ ರೇಟು ಪ್ಲೈ ಹತ್ತಿರಕ್ಕೇ ಬರುತ್ತದೆ. ಬಾಡಿಗೆ ಮನೆಗೆ, ಗೋಡೆಗೆ ತೂಗುಹಾಕುವ ಸಣ್ಣ ಕನ್ನಡಿ ಕಪಾಟಿಗೆ ಪಿವಿಸಿ ಒಳ್ಳೆಯದೇ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಬಾಗಿಲಿಗೆ ನನಗೆ ಸ್ಕ್ರೂ ಹಿಡಿತವೇ ಮುಖ್ಯ ಅನ್ನಿಸಿತು.

ಇನ್ನು ಎರಡು ಪ್ಲೈಗಳ ನಡುವೆ ಆರಿಸಬೇಕಿತ್ತು. ಚದರಡಿಗೆ 74 ರೂಪಾಯಿ ಒಂದು, 118 ಇನ್ನೊಂದು. ತಣ್ಣೀರಿನಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ ನಿಂತಿದ್ದವು. ಐಎಸ್ 710 ಅನ್ನುವುದು ಭಾರತೀಯ ಮಾನಕದಲ್ಲಿ ಮರೈನ್ ಪ್ಲೈಗೆ ಇರುವ ಸಂಖ್ಯೆ, ಅದರ ಪರೀಕ್ಷೆಯಲ್ಲಿ ತುಂಡನ್ನು 72 ತಾಸು ಕುದಿಸುತ್ತಾರೆ. ಮೂರು ದಿನ ಕುದಿಸಲು ನನಗೆ ಸಾಧ್ಯವಿರಲಿಲ್ಲ. ಒಂದು ರವಿವಾರ ಹಿತ್ತಲಿನ ಒಲೆಯ ಮೇಲೆ ಹಳೇ ಡಬರಿ ಇಟ್ಟು, ಎರಡೂ ತುಂಡು ಹಾಕಿ, ಮುಂಜಾನೆ ಎಂಟರಿಂದ ಸಂಜೆ ನಾಲ್ಕರತನಕ ಕುದಿಸಿದೆ. ಅತ್ತೆಯವರು ಕಟ್ಟಿಯ ಮೇಲೆ ಕೂತು ‘ಕಟಿಗಿ ಹಾಕಿ ಕಟಿಗಿ ಕುದಸಾಕತ್ತೀಯಲ್ಲವ್ವಾ’ ಅನ್ನುತ್ತ ಒಲೆಗೆ ಸೌದೆ ಸರಿಸಿದರು. ನಾಲ್ಕಕ್ಕೆ ಚಿಮ್ಮಟಿಗೆಯಿಂದ ಎತ್ತಿದಾಗ ಅಗ್ಗದ ಪ್ಲೈಯ ಪದರು ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿದ್ದವು. ಉಗುರು ತೂರಿಸಿದರೆ ಹಪ್ಪಳದ ಹಾಗೆ ಎದ್ದು ಬಂತು. ಐಎಸ್ 710ರ ತುಂಡು ಕಪ್ಪಗಾಗಿತ್ತು, ಅಂಟು ಬಿಟ್ಟಿರಲಿಲ್ಲ. ಅಂಟಿನ ಪೊಗರು ತಣ್ಣೀರಿನಲ್ಲಿ ತಿಳಿಯುವುದಿಲ್ಲ ಅಂತ ಆ ದಿನ ಅತ್ತೆಯವರಿಗೂ ನನಗೂ ಮನದಟ್ಟಾಯಿತು.

ಹಲಗೆಯ ಮೇಲೆ ಐಎಸ್‌ಐ ಗುರುತಿನ ಮೇಲ್ಗಡೆ ಐಎಸ್ 710 ಅಂತಲೂ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸನ್ಸ್ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಲೈಸನ್ಸ್ ಯಾರದು, ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತೇ ನೋಡಿದೆ. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ.

ಕಷ್ಟ ಬಂದದ್ದು ಬೇರೆ ಕಡೆ. ಪ್ಲೈ ಮಾರುವುದು ಇಡೀ ಹಾಳೆಯ ಲೆಕ್ಕದಲ್ಲಿ, 8 ಅಡಿ ಉದ್ದ 4 ಅಡಿ ಅಗಲ. 24 ಇಂಚಿನ ಒಂದು ಕಪಾಟಿಗೆ ಅರ್ಧವೂ ಬೇಕಾಗುವುದಿಲ್ಲ. ನಮ್ಮ ಬಡಿಗೇರ ಕಾಕಾನ ಮುಂದೆ ಇದನ್ನು ಹೇಳಿದಾಗ ಆತ ಹೇಳಿದ ಮಾತು ನನ್ನ ಲೆಕ್ಕವನ್ನೇ ತಿರುಗಿಸಿತು. ‘ಅಕ್ಕಾರ, ಒಂದು ಮಾಡಿದ್ರ ತುಟ್ಟಿ ಆಕ್ಕೈತ್ರಿ. ಎರಡು ಮಾಡ್ರಿ. ಬಾಜೂ ಮನೀಯವರೂ ಬಚ್ಚಲಾ ತಗಿಸ್ಯಾರಲ್ಲ, ಕೇಳಿ ನೋಡ್ರಿ.’ ಕೇಳಿದೆ. ಬಾಜೂ ಮನೆಯ ಅಕ್ಕ ಅವತ್ತೇ ಒಪ್ಪಿದರು.

ಆ ರಾತ್ರಿ ಗ್ರಾಫ್ ಹಾಳೆಯ ಮೇಲೆ ಹಲಗೆ ಬರೆದೆ. 48 ಇಂಚಿನ ಅಗಲವನ್ನು 18, 18, 12 ಅಂತ ಮೂರು ಉದ್ದ ಪಟ್ಟಿ ಮಾಡಿದರೆ ಮೊದಲನೆಯದರಲ್ಲಿ 20 ಇಂಚಿನ ನಾಲ್ಕು ಪಕ್ಕದ ಹಲಗೆ, ಎರಡನೆಯದರಲ್ಲಿ ಎರಡು ತಳ, ಎರಡು ಒಳ ಅಟ್ಟ, ಮೂರನೆಯದರಲ್ಲಿ ನಾಲ್ಕು ಬಾಗಿಲು. ಎರಡೂ ಕಪಾಟು ಒಂದೇ ಹಾಳೆಯಲ್ಲಿ! ಕಾಕಾ ಹಾಳೆ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಎರಡು ಗೆರೆಗಳ ಮೇಲೆ ಸಣ್ಣ ಗುರುತು ಹಾಕಿದ. ‘ಗರಗಸ ತಿನ್ನೂದು ಎಲ್ಲಿ ಹಿಡದೀರಿ?’ ಒಂದೊಂದು ಕೊಯ್ತಕ್ಕೂ ಮೂರು ಮಿಲಿಮೀಟರ್ ಪುಡಿಯಾಗಿ ಹೋಗುತ್ತದೆ. ಹಾಗಾಗಿ ಕಪಾಟಿನ ಆಳವನ್ನು ಹದಿನೇಳೂ ಮುಕ್ಕಾಲು ಇಂಚು ಮಾಡಿದೆವು. ಗೋಡೆಗೆ ಹೊಡೆಯುವ ಅಡ್ಡಪಟ್ಟಿಗಳಿಗೆ ಹಲಗೆ ಉಳಿಯಲಿಲ್ಲ. ಅದಕ್ಕೆ ಆತನ ಹತ್ತಿರವೇ ಹಳೇ ಬಾಗಿಲ ಚೌಕಟ್ಟಿನ ಸಾಗವಾನಿ ತುಂಡುಗಳಿದ್ದವು.

ಎರಡೂ ಕಪಾಟು ಸೇರಿ ಆದ ಖರ್ಚು ಹೀಗೆ: ಪ್ಲೈ 3,776, ಹೊರಗಿನ ಮೈಕಾ 1,500, ಒಳಗಿನ ತೆಳು ಮೈಕಾ 650, ನೀರಿಗೆ ತಡೆಯುವ ಮರೈನ್ ಫೆವಿಕಾಲು 600, ಅಂಚಿನ ಪಿವಿಸಿ ಪಟ್ಟಿ 300, ಎಂಟು ಬಿಜಾಗ್ರಿ 2,080, ಹಿಡಿಕೆ, ಸ್ಕ್ರೂ, ಚಿಲ್ಲರೆ 500, ಮೂರು ದಿನದ ಕೂಲಿ 3,300. ಮೇಲಿನ ಗ್ರಾನೈಟಿಗೆ ಕಲ್ಲಿನ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿದೆ. ಅಡುಗೆಮನೆ ಕಟ್ಟೆಗೆ ಕೊಯ್ದು ಮಿಕ್ಕ ತುಂಡುಗಳು ಮೂಲೆಯಲ್ಲಿ ನಿಂತಿರುತ್ತವೆ. ಎರಡು ತುಂಡು, ಬೇಸಿನ್ನಿನ ತೂತು, ಅಂಚು ಉರುಟು ಮಾಡಿದ್ದು ಎಲ್ಲ ಸೇರಿ 2,000. ಒಟ್ಟು 14,706, ಒಂದೊಂದು ಮನೆಗೆ 7,353. ಬೇಸಿನ್ನು, ನಲ್ಲಿ ಬೇರೆ.

ಬಿಜಾಗ್ರಿಯ ರೇಟು ನೋಡಿ ಮನೆಯವರು ಹುಬ್ಬೇರಿಸಿದ್ದರು. ನೂರು ರೂಪಾಯಿಗೂ ಸಿಗುತ್ತವೆ, ಖರೆ. ನಿಕ್ಕಲ್ ಲೇಪ ಹಾಕಿದ ಕಬ್ಬಿಣದವು ಅವು. ಬಚ್ಚಲಿನ ಉಗಿಗೆ ತುಕ್ಕು ಹಿಡಿಯುತ್ತವೆ. ನಾನು ತಂದದ್ದು 304 ದರ್ಜೆಯ ಸ್ಟೇನ್ಲೆಸ್ ಸ್ಟೀಲಿನವು. ಆ ಸ್ಟೀಲಿಗೆ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ. ಹಿಡಿದು ನೋಡಿದೆ, ಮೇಲಿನ ಬಟ್ಟಲಿಗೆ ಅಂಟಲಿಲ್ಲ. ಒಳಗಿನ ಸ್ಪ್ರಿಂಗಿಗೆ ಅಂಟಬಹುದು, ಅದಕ್ಕೆ ಗಾಬರಿ ಬೇಡ.

ಗ್ರಾನೈಟಿನ ಬಣ್ಣವೂ ಬರೀ ಚಂದದ ಮಾತಲ್ಲ. ನಮಗೆ ಸವದತ್ತಿಯ ರೇಣುಕಾ ಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ, ಅದು ಬಾರದ ದಿನ ಬೋರಿನ ನೀರು. ಬೋರಿನ ನೀರಿನ ಹನಿ ಒಣಗಿದಲ್ಲೆಲ್ಲ ಬಿಳೀ ಉಪ್ಪಿನ ಉಂಗುರ. ಕಪ್ಪು ಗ್ರಾನೈಟಿನ ಮೇಲೆ ಅದು ಎದ್ದು ಕಾಣುತ್ತದೆ. ನಾನು ಬೂದುಬಣ್ಣದ ಚುಕ್ಕಿಯದು ಆರಿಸಿದೆ. ಬಾಜೂ ಮನೆಯ ಅಕ್ಕ ಕಪ್ಪೇ ಬೇಕೆಂದರು, ಅವರು ದಿನಾ ಒರೆಸುತ್ತಾರೆ.

ಕಪಾಟನ್ನು ನೆಲಕ್ಕೆ ಮುಟ್ಟಿಸದೆ ಹನ್ನೊಂದು ಇಂಚು ಮೇಲೆ ಗೋಡೆಗೆ ಕೂರಿಸಿದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ನೆಲ ತೊಳೆದ ನೀರು ತಾಗುವುದಿಲ್ಲ, ಕೆಳಗೆ ಪೊರಕೆ ಆಡುತ್ತದೆ, ಗೆದ್ದಲು ಏರಿದರೂ ಗೋಡೆಯ ಮೇಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಆದರೆ ಗ್ರಾನೈಟ್ ಒಂದೇ ಹದಿನೈದು ಕಿಲೋ, ಬೇಸಿನ್ನು ಎಂಟೊಂಬತ್ತು. ಕಾಕಾ ಗೋಡೆಯಲ್ಲಿ ಎರಡು ಕಬ್ಬಿಣದ ಎಲ್ ಬ್ರಾಕೆಟ್ ಹೂತು, ಕಲ್ಲನ್ನು ಅವುಗಳ ಮೇಲೆ ಕೂರಿಸಿ, ಕಪಾಟನ್ನು ಆಮೇಲೆ ಕೆಳಗಿನಿಂದ ಸೇರಿಸಿದ. ‘ಕಲ್ಲಿನ ಭಾರ ಗ್ವಾಡಿಗೆ ಹೋಗಬೇಕ್ರಿ, ಹಲಗಿಗೆ ಅಲ್ಲ.’ ಇಟ್ಟಂಗಿಯ ಗೋಡೆ ಆದ್ದರಿಂದ ಇದು ನಡೆಯಿತು. ಪೊಳ್ಳು ಬ್ಲಾಕಿನ ಗೋಡೆಯಿದ್ದರೆ ಮೊದಲೇ ಗೌಂಡಿಗೆ ತೋರಿಸಿ.

ಹಿಂದುಗಡೆ ಹಲಗೆ ಹಾಕಿಸಲಿಲ್ಲ. ಪೈಪು ಸೋರಿದರೆ ಕೂಡಲೇ ಕಾಣಬೇಕು, ಗಾಳಿಯೂ ಆಡಬೇಕು. ಜೂನಿನಿಂದ ಸಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಹಗ್ಗದ ಮೇಲಿನ ಅರಿವೆಯೇ ಎರಡು ದಿನ ಒಣಗುವುದಿಲ್ಲ, ಮುಚ್ಚಿದ ಕಪಾಟಿನಲ್ಲಿ ಬೂಸಲು ಬರದೆ ಇರುತ್ತದೆಯೇ? ಎಲ್ಲ ಅಂಚುಗಳಿಗೂ, ಪೈಪಿನ ತೂತಿನ ಒಳಗೋಡೆಗೂ ಮೊದಲು ಎರಡು ಕೈ ಫೆವಿಕಾಲ್ ತಿಕ್ಕಿ, ಒಣಗಿದ ಮೇಲೆ ಪಟ್ಟಿ ಅಂಟಿಸಿದೆವು. ಬಾಗಿಲುಗಳ ಕೆಳಗಿನ ಅಂಚಿಗೆ ಪಟ್ಟಿ ಅಂಟಿಸುವಾಗ ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದೆ.

ಒಂದು ಮಳೆಗಾಲ ದಾಟಿದೆ. ಮೊನ್ನೆ ಲ್ಯಾಬಿನ ಕ್ಯಾಲಿಪರನ್ನು ಮತ್ತೆ ತಂದು ಎರಡೂ ಬಾಗಿಲಿನ ಕೆಳಮೂಲೆ ಅಳೆದೆ. ಕೂರಿಸಿದ ದಿನ ಮೈಕಾ ಸೇರಿ 19.9 ಇತ್ತು, ಈಗ ಎಡಗಡೆ 19.9, ಬಲಗಡೆ 20. ಕಲ್ಲಿಗೂ ಗೋಡೆಗೂ ನಡುವೆ ತುಂಬಿದ ಸಿಲಿಕಾನ್ ಮಾತ್ರ ನಲ್ಲಿಯ ಹಿಂದೆ ಎರಡಿಂಚಿನಷ್ಟು ಬಿಟ್ಟುಕೊಂಡಿದೆ, ಕಪ್ಪಗಾಗಿದೆ. ಜೂನಿನ ಮಿರಗದ ಮಳೆ ಬರುವುದರೊಳಗೆ ಅದನ್ನು ಬ್ಲೇಡಿನಿಂದ ಕೆರೆದು, ಒಂದು ದಿನ ಪೂರಾ ಒಣಗಿಸಿ, ಹೊಸದು ತುಂಬಬೇಕು. ಟ್ಯೂಬ್ ತಂದಿಟ್ಟಿದ್ದೇನೆ, ಅರ್ಧ ಬಾಜೂ ಮನೆಗೆ.