ಸೆಕೆಂಡ್ ಹ್ಯಾಂಡ್ ಕಾರು: ಮಾರುವವರು ತೊಳೆಯೋಕೆ ಮರೆಯುವ ಜಾಗಗಳು

ಮೊದಲ ಸಲ ಹಳೇ ಕಾರು ತಗೊಂಡಾಗ ನಾನು ನೋಡಿದ್ದು ಅದರ ಬಣ್ಣ. ಆಮೇಲೆ ಮ್ಯೂಸಿಕ್ ಸಿಸ್ಟಮ್. ಸೀಟ್ ಕವರ್ ಹೊಸದು ಅಂತ ಖುಷಿ ಬೇರೆ. ಮೂರು ತಿಂಗಳಾದ ಮೇಲೆ ಒಂದು ದಿನ ಮುಂದಿನ ಸೀಟಿನ ಬೆಲ್ಟ್ ಸಿಕ್ಕಿಹಾಕಿಕೊಂಡಿತು ಅಂತ ಜಗ್ಗಿ ಪೂರ್ತಿ ಹೊರಗೆ ಎಳೆದೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಾಫಿ ಬಣ್ಣದ ಗೆರೆ, ಅದರ ಪಕ್ಕದಲ್ಲೆಲ್ಲ ಒಣಗಿದ ಕೆಸರಿನ ಪುಡಿ. ಗಾಡಿ ಒಂದು ಸಲ ನೀರಲ್ಲಿ ಮುಳುಗಿ ಎದ್ದಿತ್ತು. ಅಷ್ಟರಲ್ಲಾಗಲೇ ಪವರ್ ವಿಂಡೋ ಕೈಕೊಟ್ಟಿತ್ತು, ಹಾರನ್ ರಾತ್ರಿ ಹೊತ್ತು ತನ್ನಷ್ಟಕ್ಕೆ ಹೊಡೆದುಕೊಂಡು ಪಕ್ಕದ ಮನೆಯವರನ್ನೆಲ್ಲ ಎಬ್ಬಿಸಿತ್ತು, ಎಲೆಕ್ಟ್ರಿಷಿಯನ್ ಮೂರು ಸಲ ಬಂದು ಹೋಗಿದ್ದರು. ಮಾರಿದವರು ಸೀಟು, ಮ್ಯಾಟು, ಡ್ಯಾಶ್‌ಬೋರ್ಡ್ ಎಲ್ಲ ಚೆನ್ನಾಗಿ ತೊಳೆಸಿದ್ದರು. ಬೆಲ್ಟ್ ಮಾತ್ರ ಮರೆತಿದ್ದರು.

ಆ ಗಾಡಿ ಹೋಯಿತು ಬಿಡಿ. ಅದಾದ ಮೇಲೆ ಮನೆಗೆ ಒಂದು, ತಮ್ಮನಿಗೆ ಒಂದು, ಆಫೀಸಿನವರ ಜೊತೆ ಎರಡು ಮೂರು ಅಂತ ಕಾರು ನೋಡೋಕೆ ಹೋಗುತ್ತಲೇ ಇದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಯಾರೂ ಒರೆಸದ ಮೂಲೆಗಳಲ್ಲಿ ಗಾಡಿಯ ಅರ್ಧ ಕಥೆ ಸಿಕ್ಕಿಬಿಡುತ್ತದೆ ಅನ್ನೋದು ಗೊತ್ತಾಗಿದೆ.

ಮೊದಲು ದುಡ್ಡಿನ ಮಾತು. ಕೈಯಲ್ಲಿ ನಾಲ್ಕು ಲಕ್ಷ ಇದ್ದರೆ ನಾಲ್ಕು ಲಕ್ಷದ ಕಾರು ಹುಡುಕಬೇಡಿ, ಮೂರೂವರೆ ಲಕ್ಷದ್ದು ಹುಡುಕಿ. ಉಳಿದ ಐವತ್ತು ಸಾವಿರ ಮೊದಲ ವರ್ಷದಲ್ಲೇ ಎಲ್ಲಿ ಹೋಯಿತು ಅಂತ ಗೊತ್ತಾಗೋದಿಲ್ಲ. ನಾಲ್ಕು ಟೈರ್ ಹಾಕಿಸಿದರೆ ಸಣ್ಣ ಕಾರಿಗೂ ಹದಿನೈದು ಸಾವಿರದ ಮೇಲೆ ಆಗುತ್ತದೆ. ಬ್ಯಾಟರಿ ಹಳೇದಿದ್ದರೆ ಅದೊಂದು. ಇನ್ಶೂರೆನ್ಸ್, ಹೆಸರು ವರ್ಗಾವಣೆ, ಒಂದು ಫುಲ್ ಸರ್ವೀಸ್. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ ಕಡೇ ರೂಪಾಯಿವರೆಗೂ ಗಾಡಿಗೇ ಸುರಿದವರು ಆಮೇಲೆ ನುಣ್ಣಗೆ ಸವೆದ ಟೈರಲ್ಲೇ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗಿ ಬರೋದನ್ನು ನೋಡಿದ್ದೇನೆ.

ಇದೇ ದುಡ್ಡಿಗೆ ದೊಡ್ಡ ಗಾಡಿಯೂ ಸಿಗುತ್ತದೆ, ಹತ್ತು ವರ್ಷದ ಡೀಸೆಲ್ ಸೆಡಾನ್ ಥರದ್ದು. ಆಸೆ ಆಗುತ್ತದೆ. ಬೇಡ. ಅದನ್ನು ಕೊಳ್ಳೋಕೆ ನಿಮ್ಮ ಹತ್ತಿರ ದುಡ್ಡಿರಬಹುದು, ಆದರೆ ಇಂಜೆಕ್ಟರ್, ಟರ್ಬೋ ಕೆಟ್ಟರೆ ರಿಪೇರಿ ಬಿಲ್ ಬರೋದು ದೊಡ್ಡ ಗಾಡಿಯ ರೇಟಿನಲ್ಲೇ. ದಿನಾ ಆಫೀಸು, ಸ್ಕೂಲು, ತಿಂಗಳಿಗೊಮ್ಮೆ ಊರು ಅಂತ ಓಡಿಸುವ ನಾಲ್ಕು ಜನರ ಮನೆಗೆ ಸಣ್ಣ ಪೆಟ್ರೋಲ್ ಕಾರು ಸಾಕು. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟುವವರ ಲೆಕ್ಕ ಬೇರೆ.

ವರ್ಷ ಯಾವುದು ಅನ್ನೋದಕ್ಕೆ ನನ್ನದೊಂದು ಗೆರೆ ಇದೆ: 2019ರ ಜುಲೈ ನಂತರ ತಯಾರಾದದ್ದು. ಯಾಕೆ ಅಂದರೆ ಆ ವರ್ಷದ ಏಪ್ರಿಲ್‌ನಿಂದ ಎಬಿಎಸ್ (ಗಟ್ಟಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ), ಜುಲೈನಿಂದ ಡ್ರೈವರ್ ಏರ್‌ಬ್ಯಾಗು, ಹಿಂದಿನ ಪಾರ್ಕಿಂಗ್ ಸೆನ್ಸರ್ ಎಲ್ಲ ಕಾರಿಗೂ ಕಡ್ಡಾಯವಾದವು. ಅದಕ್ಕಿಂತ ಹಿಂದಿನ ಎಷ್ಟೋ ಬೇಸ್ ಮಾಡೆಲ್‌ಗಳಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ, ಏರ್‌ಬ್ಯಾಗೇ ಇರುತ್ತಿರಲಿಲ್ಲ. ಮುಂದೆ ಕೂರುವ ಇಬ್ಬರಿಗೂ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2022ರಿಂದ, ಹಾಗಾಗಿ 2020ರ ಗಾಡಿ ನೋಡುವಾಗ ಎರಡು ಏರ್‌ಬ್ಯಾಗ್ ಇರುವ ವೇರಿಯಂಟ್ ಕೇಳಿ. ಆರ್‌ಸಿಯಲ್ಲಿ, ಅಂದರೆ ರಿಜಿಸ್ಟ್ರೇಷನ್ ಕಾರ್ಡಿನಲ್ಲಿ, ತಯಾರಾದ ತಿಂಗಳು ಬೇರೆ, ರಿಜಿಸ್ಟರ್ ಆದ ದಿನ ಬೇರೆ ಇರುತ್ತದೆ. ತಯಾರಾದ ತಿಂಗಳು ನೋಡಿ.

ಮಾಡೆಲ್ ವಿಷಯಕ್ಕೆ ಬಂದರೆ ಜನ ಜಗಳಕ್ಕೇ ಬರುತ್ತಾರೆ, ಆದರೂ ಹೇಳುತ್ತೇನೆ. 2019ರಲ್ಲಿ ಬಂದ ಹೊಸ ಆಕಾರದ ವ್ಯಾಗನ್ ಆರ್‌ನ ಡಿಕ್ಕಿ 341 ಲೀಟರ್, ಸೀಟು ಎತ್ತರ, ಮಂಡಿ ನೋವಿರುವ ನಮ್ಮಮ್ಮ ಬಗ್ಗದೆ ಹತ್ತಿ ಕೂರುತ್ತಾರೆ. ಆದರೆ ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2019ರ ಕ್ರ್ಯಾಶ್ ಟೆಸ್ಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಐದಕ್ಕೆ ಎರಡೇ ಸ್ಟಾರ್. ಟಾಟಾ ಟಿಯಾಗೊಗೆ 2020ರ ಜನವರಿಯಲ್ಲಿ ನಾಲ್ಕು ಸ್ಟಾರ್ ಬಂತು, ಗಾಡಿ ಗಟ್ಟಿ, ಡಿಕ್ಕಿ ಮಾತ್ರ ಚಿಕ್ಕದು. ಗ್ರ್ಯಾಂಡ್ ಐ10 ನಿಯೋಸ್ ಓಡಿಸೋಕೆ ನುಣುಪು. ಫೋರ್ಡ್ 2021ರಲ್ಲಿ, ದಟ್ಸನ್ 2022ರಲ್ಲಿ ಇಲ್ಲಿಯ ಮಾರುಕಟ್ಟೆಗೆ ಕಾರು ಮಾಡೋದು ನಿಲ್ಲಿಸಿದವು, ಅದಕ್ಕೇ ಆ ಗಾಡಿಗಳು ಅಗ್ಗ. ನಿಮ್ಮೂರಿನಲ್ಲಿ ಪಾರ್ಟ್ಸ್ ಸಿಗುತ್ತದಾ ಅಂತ ಗ್ಯಾರೇಜಿನವರನ್ನು ಕೇಳದೆ ಕೈಹಾಕಬೇಡಿ. ಮಾಡೆಲ್‌ಗಿಂತ ನಿಮ್ಮ ಎದುರಿಗೆ ನಿಂತಿರುವ ಆ ಒಂದು ಗಾಡಿ ಹೇಗಿದೆ ಅನ್ನೋದೇ ಮುಖ್ಯ. ಚೆನ್ನಾಗಿ ಇಟ್ಟುಕೊಂಡ ಸಾಧಾರಣ ಕಾರು ಎಷ್ಟೋ ವಾಸಿ.

ನೋಡೋಕೆ ಹೋಗುವ ಮೊದಲೇ ಎರಡು ಫೋಟೋ ತರಿಸಿಕೊಳ್ಳಿ, ಆರ್‌ಸಿಯದು ಮತ್ತು ಈಗಿನ ಇನ್ಶೂರೆನ್ಸ್ ಪಾಲಿಸಿಯದು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ರಿಜಿಸ್ಟ್ರೇಷನ್ ದಿನ, ಇನ್ಶೂರೆನ್ಸ್ ಎಲ್ಲಿವರೆಗೆ ಇದೆ, ಸಾಲ ಇದೆಯಾ ಇದೆಲ್ಲ ಬರುತ್ತದೆ. ಹಳೇ ದಂಡ ಬಾಕಿ ಇದೆಯಾ ಅಂತಲೂ ನೋಡಿ. ನಮ್ಮ ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟ ಮೇಲೆ, ಮತ್ತೆ ಬಿಡುತ್ತಾರೆ ಅಂತ ಕಟ್ಟದೆ ಕೂತವರು ಬಹಳ ಜನ ಇದ್ದಾರೆ.

ಪಾಲಿಸಿ ಯಾಕೆ ಅಂತೀರಾ? ಅದರಲ್ಲಿ ಎನ್‌ಸಿಬಿ ಅಂತ ಒಂದು ಸಾಲು ಇರುತ್ತದೆ, ಕ್ಲೇಮ್ ಮಾಡದೆ ಇದ್ದದ್ದಕ್ಕೆ ಸಿಗುವ ರಿಯಾಯಿತಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20%, ಆಮೇಲೆ 25, 35, 45, ಐದು ವರ್ಷಕ್ಕೆ 50. ಒಬ್ಬರೇ ಓನರ್, ಆರು ವರ್ಷದ ಗಾಡಿ, "ಒಂದು ಗೀರೂ ಬಿದ್ದಿಲ್ಲ ಸಾರ್" ಅಂತ ಹೇಳುತ್ತಿದ್ದಾರೆ, ಪಾಲಿಸಿಯಲ್ಲಿ ನೋಡಿದರೆ ಎನ್‌ಸಿಬಿ ಸೊನ್ನೆ. ಅಂದರೆ ಹೋದ ವರ್ಷ ಏನೋ ಕ್ಲೇಮ್ ಆಗಿದೆ, ಇಲ್ಲಾ ಪಾಲಿಸಿ ತಿಂಗಳುಗಟ್ಟಲೆ ನಿಂತು ಹೋಗಿತ್ತು. ಬಂಪರ್ ಬದಲಾಯಿಸಿದ್ದರೂ ಇರಬಹುದು, ತಪ್ಪೇನಿಲ್ಲ. ಆದರೆ ಕೇಳಿ, ಮುಖ ನೋಡಿಕೊಂಡು ಕೇಳಿ.

ಗಾಡಿ ನೋಡೋಕೆ ಬೆಳಿಗ್ಗೆ ಹೋಗಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಫೋನಲ್ಲೇ ಹೇಳಿಬಿಡಿ. ತಲುಪಿದ ತಕ್ಷಣ ಮೊದಲು ಮಾಡುವ ಕೆಲಸ ಬಾನೆಟ್ ಮೇಲೆ ಕೈ ಇಡೋದು. ತಮ್ಮನ ಜೊತೆ ಹೋದಾಗ ಒಂದು ಕಡೆ ಬಾನೆಟ್ ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಸುಡುತ್ತಿತ್ತು. "ಈಗಷ್ಟೇ ಹಾಲು ತರೋಕೆ ಹೋಗಿದ್ದೆ" ಅಂದರು. ಹಾಲಿನ ಅಂಗಡಿ ಎದುರುಗಡೆಯೇ ಕಾಣುತ್ತಿತ್ತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ಕಾಯಿಲೆ ಗೊತ್ತಾಗೋದು. ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಯಲ್ಲಿ ಒಂದಿಷ್ಟು ಬಿಳಿ ಹಬೆ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡಿ, ಹಾಲಿನ ಕೆನೆಯಂಥದ್ದು ಅಂಟಿದ್ದರೆ ಅನುಮಾನ ಪಡಿ.

ಇನ್ನು ತೊಳೆಯದ ಜಾಗಗಳು. ಬೆಲ್ಟ್ ಕಥೆ ಆಗಲೇ ಹೇಳಿದೆ, ಎಲ್ಲವನ್ನೂ ತುದಿವರೆಗೂ ಎಳೆಯಿರಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಮಹದೇವಪುರ, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಎಷ್ಟು ಕಾರು ಮುಳುಗಿದವು ನೆನಪಿದೆ ಅಲ್ವಾ, ಅಂಥವು ತೊಳೆದು ಒಣಗಿಸಿಕೊಂಡು ಬೇರೆ ಊರಿಗೆ ಬಂದಿರಬಹುದು. ಸೀಟಿನ ಕೆಳಗೆ ಕೈಹಾಕಿ ಕಂಬಿಗೆ ತುಕ್ಕು ಹಿಡಿದಿದೆಯಾ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಮಂಗಳೂರು, ಉಡುಪಿ, ಕಾರವಾರ ಕಡೆಯ ಗಾಡಿಯಾದರೆ ಉಪ್ಪು ಗಾಳಿಗೆ ಅಡಿಭಾಗ ತುಕ್ಕು ಹಿಡಿದಿರಬಹುದು, ಬಗ್ಗಿ ಟಾರ್ಚ್ ಹಾಕಲೇಬೇಕು.

ಬಾಗಿಲ ಅಂಚಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದರೆ ಕೈಗೆ ಬರುತ್ತದೆ, ಆಮೇಲೆ ಒತ್ತಿದರೆ ಕೂತುಕೊಳ್ಳುತ್ತದೆ. ಅದರ ಕೆಳಗೆ ಕಂಪನಿಯ ವೆಲ್ಡಿಂಗ್ ಗುರುತು ಬೆರಳಲ್ಲಿ ಒತ್ತಿದ ಹಾಗೆ, ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಗುಂಡಗೆ ಇರಬೇಕು. ಗುರುತೇ ಇಲ್ಲದೆ ನುಣ್ಣಗಿದ್ದರೆ, ಇಲ್ಲಾ ಅಡ್ಡಾದಿಡ್ಡಿ ಇದ್ದರೆ ಬಾಗಿಲ ಪಕ್ಕದಲ್ಲಿ ಚಾವಣಿ ಹೊತ್ತ ಕಂಬದವರೆಗೂ ಪೆಟ್ಟು ಬಿದ್ದು ಟಿಂಕರಿಂಗ್ ಆಗಿದೆ. ಬಾನೆಟ್, ಬಾಗಿಲಿನ ಬೋಲ್ಟ್‌ಗಳ ತಲೆಯಲ್ಲಿ ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಹಾಕಿದ್ದಾರೆ ಅಂತಲೇ ಅರ್ಥ. ಬಾಗಿಲಿಗೆ ತರಚಿ ಪೇಂಟ್ ಹೊಡೆಸಿದ್ದು ದೊಡ್ಡ ವಿಷಯ ಅಲ್ಲ, ನಮ್ಮ ರಸ್ತೆಗಳಲ್ಲಿ ಅದಾಗದ ಗಾಡಿ ಯಾವುದು? ಕಂಬ, ಚಾಸಿ (ಗಾಡಿಯ ಮೂಲ ಚೌಕಟ್ಟು) ಮುಟ್ಟಿದ್ದರೆ ಮಾತ್ರ ವಾಪಸ್ ಬನ್ನಿ.

ಮೀಟರ್ ನಂಬಬೇಡಿ, ಸುಮ್ನೆ ಸಂಖ್ಯೆ ಅದು. ಕಾಲಿಡುವ ಕ್ಲಚ್ ಪೆಡಲ್ ರಬ್ಬರ್ ಒಂದು ಕಡೆ ಸವೆದು ಹೊಳೆಯುತ್ತಿದೆ, ಸ್ಟೇರಿಂಗ್ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದೆ, ಮೀಟರ್ ಮಾತ್ರ 28 ಸಾವಿರ ತೋರಿಸುತ್ತಿದೆ ಅಂದರೆ ಯಾರೋ ಕೈಯಾಡಿಸಿದ್ದಾರೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಸ್ಟೆಪ್ನಿ 2019ರದು, ಉಳಿದ ನಾಲ್ಕೂ 2022ರವು, ಆದರೆ ಗಾಡಿ ಓಡಿರೋದು 28 ಸಾವಿರ ಅಂತೆ! ಟೈರ್ ಮೂರೇ ವರ್ಷಕ್ಕೆ ಯಾಕೆ ಸವೆಯಿತು ಅಂತ ಕೇಳಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಪ್ರತಿ ಸರ್ವೀಸಿನ ದಿನಾಂಕ, ಕಿಲೋಮೀಟರ್ ಎರಡೂ ಬರೆದಿಟ್ಟಿರುತ್ತಾರೆ, ಓನರ್‌ಗೆ ಹೇಳಿ ಆ ಹಿಸ್ಟರಿ ತೆಗೆಸಿ.

ಟ್ರಯಲ್‌ಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಒಬ್ಬರೇ ಓಡಿಸಿದಾಗ ಹಾರುವ ಗಾಡಿ ನಾಲ್ಕು ಜನ ಕೂತು ಏಸಿ ಹಾಕಿ ಏರು ಹತ್ತಿಸಿದಾಗ ನಿಜ ರೂಪ ತೋರಿಸುತ್ತದೆ. ರೇಡಿಯೋ ಆಫ್ ಮಾಡಿ, ಮಾರುವವರು ಮಾತಾಡುತ್ತಲೇ ಇದ್ದರೆ ಅವರಿಗೂ ಒಂದು ನಿಮಿಷ ಸುಮ್ಮನಿರಿ ಅಂತ ಹೇಳಿ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದಾಗ ಮುಂದಿನ ಚಕ್ರದಿಂದ ಟಕ್ ಟಕ್ ಅಂತ ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಗುಂಯ್ ಅನ್ನುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ, ರೇಟಿನಲ್ಲಿ ಕಡಿಮೆ ಮಾಡಿಸಿ.

ಇಷ್ಟೆಲ್ಲ ಸರಿ ಅನ್ನಿಸಿದರೆ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೋರಿಸಿ, ಮಾರುವವರು ಹೇಳಿದ ಮೆಕ್ಯಾನಿಕ್ ಬೇಡ. ನಿಮ್ಮ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಡೋಕೆ ಹಿಂದೆ ಮುಂದೆ ನೋಡಬೇಡಿ.

ರೇಟು ಮಾತಾಡುವಾಗ ಒಂದು ವಿಷಯ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18%ಗೆ ಇಳಿಯಿತು, ಹೊಸ ಕಾರೇ ಅಗ್ಗವಾಯಿತು. ಹಳೇದಕ್ಕೆ ಅದಕ್ಕಿಂತ ಹಿಂದಿನ ರೇಟು ಹೇಳುತ್ತಿದ್ದರೆ ಈಗಿನ ಹೊಸ ಗಾಡಿಯ ಆನ್‌ರೋಡ್ ಬೆಲೆ ಮೊಬೈಲಲ್ಲಿ ತೆಗೆದು ತೋರಿಸಿ. ಇನ್ನು ದೆಹಲಿ ಗಾಡಿ ಅಗ್ಗ ಅಂತ ತರಿಸುವವರು ಇದ್ದಾರೆ. ಅದಕ್ಕೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಕೆಎ ನಂಬರ್ ಮಾಡಿಸೋಕೆ ಓಡಾಡಬೇಕು. ಉಳಿಸಿದ ದುಡ್ಡು ಅಲ್ಲೇ ಕರಗುತ್ತದೆ. ಸಣ್ಣ ಬಜೆಟ್‌ನವರಿಗೆ ಕೆಎ ಗಾಡಿಯೇ ಸರಿ.

ದುಡ್ಡು ಪೂರ್ತಿ ಕೊಡುವ ಮೊದಲು ಕಾಗದ. ಹೆಸರು ವರ್ಗಾವಣೆಯ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಆರ್‌ಸಿಯಲ್ಲಿ ಹೆಸರಿರುವವರೇ ಸಹಿ ಹಾಕಬೇಕು, ಬ್ರೋಕರ್ ಅಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಅನ್ನುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. "ಲೋನ್ ಮುಗಿದಿದೆ, ಎಚ್‌ಪಿ (ಆರ್‌ಸಿಯಲ್ಲಿರುವ ಬ್ಯಾಂಕ್ ಸಾಲದ ನಮೂದು) ಕ್ಯಾನ್ಸಲ್ ನೀವೇ ಮಾಡಿಸಿಕೊಳ್ಳಿ" ಅಂದರೆ, ಅವರೇ ಮಾಡಿಸಿಕೊಡುವವರೆಗೂ ಅಡ್ವಾನ್ಸ್‌ಗಿಂತ ಜಾಸ್ತಿ ಕೊಡಬೇಡಿ. ದುಡ್ಡು ಆರ್‌ಸಿ ಓನರ್ ಖಾತೆಗೇ ಹೋಗಲಿ. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ ಕೂಡ ಬರೆಸಿ, ಅಲ್ಲಿವರೆಗಿನ ದಂಡ, ಕೇಸು ಅವರದ್ದು, ಆಮೇಲಿನದು ನಿಮ್ಮದು. ಎರಡನೇ ಕೀ ಕೇಳಿ ತಗೊಳ್ಳಿ, ಅವರ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ.

ಹೆಸರು ಬದಲಾಯಿಸೋದನ್ನು ಮುಂದಿನ ತಿಂಗಳಿಗೆ ಇಡಬೇಡಿ, 30 ದಿನದೊಳಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್‌ಗೆ ಇನ್ನೂ ಕಡಿಮೆ, 14 ದಿನ. ಪಾಲಿಸಿ ಹಳೇ ಓನರ್ ಹೆಸರಲ್ಲೇ ಇದ್ದು ನೀವು ಎಲ್ಲಾದರೂ ಗುದ್ದಿಕೊಂಡರೆ ನಿಮ್ಮ ಗಾಡಿ ರಿಪೇರಿಗೆ ಕ್ಲೇಮ್ ಕೊಡದೆ ಹೋಗಬಹುದು. ಅವರ ಎನ್‌ಸಿಬಿ ನಿಮಗೆ ಬರೋದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ, ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕು.

ಗಾಡಿ ಮನೆಗೆ ಬಂದಾಗ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ. ಆದರೆ ಮಾರನೇ ವಾರವೇ ಎಲ್ಲರನ್ನೂ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಡಬೇಡಿ. ಮೊದಲು ಗ್ಯಾರೇಜಿಗೆ ಬಿಟ್ಟು ಎಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ, ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿಸಿ. "ಹೋದ ತಿಂಗಳೇ ಸರ್ವೀಸ್ ಮಾಡಿಸಿದ್ದೇನೆ ಸಾರ್" ಅಂತ ಅವರು ಹೇಳಿದ್ದರೂ ಮಾಡಿಸಿ, ನನಗೂ ಹಾಗೇ ಹೇಳಿದ್ದರು.