ಬೆಟಗೇರಿಯ ಮಾಳಿಗೆಯ ಮೇಲೆ ಆರು ಪ್ಯಾನೆಲ್

2021ರ ಯುಗಾದಿ ಮುಗಿದ ಎರಡನೆಯ ವಾರದಲ್ಲಿ ಗದಗ-ಬೆಟಗೇರಿಯ ನಮ್ಮ ಮನೆಯ ಮಾಳಿಗೆಗೆ ಸೋಲಾರ್ ಕೂಡಿಸಿದೆವು. 335 ವ್ಯಾಟ್‌ನ ಆರು ಪ್ಯಾನೆಲ್, ಮೂರು ಕೆವಿಎ ಸೋಲಾರ್ ಇನ್ವರ್ಟರ್, 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ (ಲೆಡ್-ಆಸಿಡ್) ಬ್ಯಾಟರಿ. ಕೂಡಿಸಿದವರು ಸಂಜೆಯ ಹೊತ್ತಿಗೆ ಸ್ವಿಚ್ ಹಾಕಿ, ಇನ್ನು ನೀವು ನೋಡುವಂಥದ್ದು ಏನೂ ಇಲ್ಲ ಎಂದು ಹೇಳಿ ಹೋದರು. ಆ ಮಾತನ್ನು ನಂಬಿದ್ದರಿಂದ ಮೊದಲ ವರ್ಷ ನನಗೆ ನಷ್ಟವಾಯಿತು. ನೋಡುವಂಥದ್ದು ದಿನವೂ ಇರುತ್ತದೆ, ಹತ್ತು ನಿಮಿಷದಷ್ಟಾದರೂ ಇರುತ್ತದೆ.

ಏಪ್ರಿಲ್ ಕೊನೆಯಲ್ಲಿ ನಮ್ಮ ಊರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಿಂತವನ ನೆರಳು ಅವನ ಕಾಲಡಿಯಲ್ಲೇ ಇರುತ್ತದೆ. ಜಾಗ ನೋಡಲು ಬಂದವರಿಗೂ ನನಗೂ ಆ ದಿನಗಳಲ್ಲಿ ದಕ್ಷಿಣ ದಿಕ್ಕಿನ ಪಕ್ಕದ ಮನೆಯ ಮೆಟ್ಟಿಲ ಕೋಣೆ ಒಂದು ಅಡ್ಡಿಯಾಗಿ ಕಾಣಲೇ ಇಲ್ಲ. ಕಾರ್ತಿಕ ಮಾಸ ಬಂದ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ ಸಾವಿರ ವ್ಯಾಟ್ ಮೀರಿ ತೋರಿಸುತ್ತಿದ್ದ ಇನ್ವರ್ಟರ್ ನಾನೂರರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಆಕಾಶ ಸ್ವಚ್ಛವಾಗಿತ್ತು, ಪ್ಯಾನೆಲ್‌ಗಳನ್ನು ಹಿಂದಿನ ದಿನವಷ್ಟೇ ತೊಳೆದಿದ್ದೆ. ಮಾಳಿಗೆ ಹತ್ತಿ ನೋಡಿದರೆ ಕೆಳಸಾಲಿನ ಪ್ಯಾನೆಲ್‌ಗಳ ಬುಡದಲ್ಲಿ ಒಂದು ಗೇಣಿನಷ್ಟು ನೆರಳು ಬಿದ್ದಿತ್ತು. ಸೂರ್ಯ ದಕ್ಷಿಣಕ್ಕೆ ಸರಿದಿದ್ದ. ಡಿಸೆಂಬರ್‌ನಲ್ಲಿ ಅವನು ನಡುಹಗಲಿನಲ್ಲೂ ಸುಮಾರು 51 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ಬೆಳಿಗ್ಗೆಯಂತೂ ಇನ್ನೂ ತಗ್ಗಿನಲ್ಲಿರುತ್ತಾನೆ.

ಗೇಣು ನೆರಳಿಗೆ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಹೋಗುತ್ತದೆಯೇ ಎಂದು ಕೇಳಿದರೆ, ಹೋಗುತ್ತದೆ. ನನ್ನ ಪ್ಯಾನೆಲ್ಲಿನಲ್ಲಿ 72 ಸೆಲ್‌ಗಳು ಸರಪಳಿಯಂತೆ ಒಂದಕ್ಕೊಂದು ಜೋಡಣೆಯಾಗಿವೆ, ಮತ್ತು ಆ ಸರಪಳಿಯ ಮೂರು ಭಾಗಗಳಿಗೆ ಒಂದೊಂದು ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹೋಗಲು ಒಂದು ಬದಿದಾರಿ, ಇದೆ. ಪ್ಯಾನೆಲ್ ಉದ್ದುದ್ದವಾಗಿ ನಿಂತಿದ್ದಾಗ ಅದರ ಬುಡದ ಆರು ಸೆಲ್‌ಗಳ ಮೇಲೆ ನೆರಳು ಬಿದ್ದರೆ ಮೂರೂ ಭಾಗಗಳಿಗೆ ಒಟ್ಟಿಗೇ ಹೊಡೆತ ಬೀಳುವುದರಿಂದ, ಮೇಲೆ ಎಷ್ಟೇ ಬಿಸಿಲಿದ್ದರೂ ಇಡೀ ಪ್ಯಾನೆಲ್ ಮಲಗುತ್ತದೆ. ಅದಕ್ಕೆ ಮೇಲಾಗಿ ನಮ್ಮಲ್ಲಿ ಮೇಲಿನ ಸಾಲಿನ ಮತ್ತು ಕೆಳಸಾಲಿನ ಪ್ಯಾನೆಲ್‌ಗಳನ್ನು ಬೆರೆಸಿ ಮೂರು ಮೂರರ ಎರಡು ಸರಣಿಗಳನ್ನು ಮಾಡಿದ್ದರು. ಹೀಗಾಗಿ ಕೆಳಗಿನ ನೆರಳು ಎರಡೂ ಸರಣಿಗಳನ್ನು ಎಳೆದು ಕೆಡವುತ್ತಿತ್ತು.

ನಾನು ಮೊದಲು ವೈರಿಂಗ್ ಬದಲು ಮಾಡಿಸಿದೆ. ಕೆಳಸಾಲಿನ ಮೂರನ್ನೂ ಒಂದು ಸರಣಿಗೆ, ಮೇಲಿನ ಮೂರನ್ನೂ ಇನ್ನೊಂದಕ್ಕೆ ಸೇರಿಸಿದ್ದರಿಂದ ನೆರಳಿನ ಪೆಟ್ಟು ಒಂದೇ ಸರಣಿಗೆ ಸೀಮಿತವಾಯಿತು. ಆಮೇಲೆ ಕೆಳಸಾಲನ್ನು ಅಡ್ಡಡ್ಡವಾಗಿ ಮಲಗಿಸಿ ಹೊಸ ಸ್ಟ್ಯಾಂಡ್ ಮಾಡಿಸಿದೆ. ಈಗ ಅದೇ ಗೇಣು ನೆರಳು ಬಿದ್ದರೆ ಮೂರರಲ್ಲಿ ಒಂದು ಭಾಗ ಮಾತ್ರ ಬಿಟ್ಟುಹೋಗಿ ಉಳಿದ ಎರಡು ಕೆಲಸ ಮಾಡುತ್ತವೆ. ಪ್ಯಾನೆಲ್ ಕೂಡಿಸುವವರಿಗೆ ನಾನು ಹೇಳುವುದು ಇಷ್ಟೇ: ಜಾಗವನ್ನು ಬೇಸಿಗೆಯಲ್ಲಿ ಗೊತ್ತು ಮಾಡುವುದಾದರೆ ಡಿಸೆಂಬರ್‌ನ ನೆರಳನ್ನು ಲೆಕ್ಕ ಹಾಕಿಸದೆ ಒಂದು ಮೊಳೆಯನ್ನೂ ಹೊಡೆಸಬೇಡಿ.

ಬ್ಯಾಟರಿಯ ವಿಷಯದಲ್ಲಿ ನಾನು ತೆತ್ತ ಬೆಲೆ ಇನ್ನೂ ದೊಡ್ಡದು. ಇನ್ವರ್ಟರ್ ಬಂದಾಗ ಬ್ಯಾಟರಿ 44 ವೋಲ್ಟ್‌ಗೆ ಇಳಿಯುವವರೆಗೂ ಅದರಿಂದಲೇ ಮನೆ ನಡೆಸುವಂತೆ ಸೆಟ್ ಆಗಿತ್ತು. ರಾತ್ರಿಯೆಲ್ಲ ಫ್ಯಾನ್, ಫ್ರಿಜ್ ಓಡಿ ಬೆಳಗಿನ ಜಾವಕ್ಕೆ ಬ್ಯಾಟರಿಗಳು ಪೂರಾ ಬತ್ತಿಹೋಗುತ್ತಿದ್ದವು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ. ನಾಲ್ಕು ಬ್ಯಾಟರಿಗಳಲ್ಲಿ ಲೆಕ್ಕಕ್ಕೆ ಏಳು ಯೂನಿಟ್ ಇದ್ದರೂ ನಾವು ನಂಬಬೇಕಾದದ್ದು ಮೂರೂವರೆಯನ್ನು ಮಾತ್ರ. ಈಗ 48 ವೋಲ್ಟ್‌ಗೆ ಬಂದ ಕೂಡಲೇ ಹೆಸ್ಕಾಂ ಲೈನಿಗೆ ಬದಲಾಗುವಂತೆ ಇಟ್ಟಿದ್ದೇನೆ.

ತಿಂಗಳ ಮೊದಲ ರವಿವಾರ ನಾಲ್ಕೂ ಬ್ಯಾಟರಿಗಳ ಇಪ್ಪತ್ನಾಲ್ಕು ಸೆಲ್‌ಗಳ ಮುಚ್ಚಳ ತೆಗೆದು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸುತ್ತೇನೆ. ರಬ್ಬರ್ ಬುರುಡೆ ಒತ್ತಿ ಬಿಟ್ಟಾಗ ಆಸಿಡ್ ಮೇಲೇರಿ, ಗಾಜಿನೊಳಗಿನ ತೇಲುಬುರುಡೆ ತೂಗಾಡಿ ನಿಲ್ಲುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್ 1240ರ ಆಸುಪಾಸು ತೋರಿಸಬೇಕು. 2022ರ ಬೇಸಿಗೆಯಲ್ಲಿ ಮೂರನೆಯ ಬ್ಯಾಟರಿಯ ಒಂದು ಸೆಲ್ 1170 ತೋರಿಸಿತು. ವಿಚಾರಿಸಿದಾಗ ಗೊತ್ತಾದದ್ದು, ನಾನು ಊರಲ್ಲಿಲ್ಲದಾಗ ಸರ್ವಿಸ್‌ಗೆ ಬಂದವರು ಡಿಸ್ಟಿಲ್ಡ್ ವಾಟರ್ ಸಾಲದೆ ಬಂದಾಗ ಬೋರ್‌ವೆಲ್ ನೀರನ್ನೇ ಹಾಕಿದ್ದರು. ನಮ್ಮ ಕಡೆಯ ಬೋರ್ ನೀರು ಕುದಿಸಿದ ಪಾತ್ರೆಯಲ್ಲಿ ಬಿಳಿ ಪರೆ ಕಟ್ಟುವಂಥದ್ದು. ಆ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಂದಿನಿಂದ ಡಿಸ್ಟಿಲ್ಡ್ ವಾಟರಿನ ಕ್ಯಾನ್ ಬ್ಯಾಟರಿಯ ಪಕ್ಕದಲ್ಲೇ ಇರುತ್ತದೆ, ನೀರನ್ನು ನನ್ನ ಕೈಯಿಂದಲೇ ಹಾಕುತ್ತೇನೆ. ಅದೇ ಕಾರಣಕ್ಕೆ ಪ್ಯಾನೆಲ್ ತೊಳೆಯುವುದಕ್ಕೂ ಬೋರ್ ನೀರು ಬಳಸುವುದಿಲ್ಲ. ಹಿಂಗಾರಿಯ ಒಕ್ಕಲಿನ ದಿನಗಳಲ್ಲಿ ಧೂಳು ದಪ್ಪಗೆ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು, ನಲ್ಲಿಗೆ ಬರುವ ತುಂಗಭದ್ರೆಯ ನೀರಿನ ಎರಡು ಬಕೆಟ್ ಮತ್ತು ಮೆತ್ತನೆಯ ಬಟ್ಟೆ ಸಾಕು.

ಬಿಸಿಲು ಸುಟ್ಟಷ್ಟೂ ವಿದ್ಯುತ್ ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಏಪ್ರಿಲ್‌ನಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾದಾಗ, 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಂತೆ ಉತ್ಪಾದನೆ ಕುಗ್ಗಿ ಶೇ. 16ರಷ್ಟು ಹೋಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಒಳ್ಳೆಯ ದಿನಗಳೆಲ್ಲ ಫೆಬ್ರುವರಿಯವು.

ಮನೆಯ ರೂಢಿಯೂ ಬದಲಾಗಿದೆ. ಮೊದಲು ಬೆಳಿಗ್ಗೆ ಆರಕ್ಕೆ ಹಾಕುತ್ತಿದ್ದ ಪಂಪು, ಶೇಂಗಾ ಹಿಂಡಿಗೆ ಓಡುವ ಮಿಕ್ಸರ್, ಬಟ್ಟೆಯ ಮಶಿನ್, ಇಸ್ತ್ರಿ ಎಲ್ಲವೂ ಈಗ ಹನ್ನೊಂದರಿಂದ ಎರಡರ ನಡುವೆ, ಒಂದಾದ ಮೇಲೆ ಒಂದು. ಮೋಡವಾದರೆ ಅವ್ವನೇ "ಇವತ್ತ ಇಸ್ತ್ರಿ ಬ್ಯಾಡ ತಮ್ಮಾ, ನಾಳೆ ಮಾಡೂಣು" ಎನ್ನುತ್ತಾಳೆ.

2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುವಾಗ ಬ್ಯಾಟರಿ ಏಕೆ ಎಂದು ಓಣಿಯವರು ಕೇಳುತ್ತಾರೆ. ಅದು ಲೈನಿಗೆ ಕೂಡಿದ ವ್ಯವಸ್ಥೆ. ಬ್ಯಾಟರಿ ಇಲ್ಲದಿದ್ದರೆ, ಲೈನ್ ಹೋದಾಗ ಕಂಬದ ಮೇಲಿರುವ ಲೈನ್‌ಮನ್‌ನ ಜೀವಕ್ಕೆ ಅಪಾಯವಾಗದಿರಲೆಂದು ಹಾಡುಹಗಲಿನಲ್ಲೂ ತಾನಾಗಿ ನಿಂತುಬಿಡುತ್ತದೆ. ಕರೆಂಟ್ ಅಪರೂಪಕ್ಕೆ ಹೋಗುವ ಮನೆಗೆ ಅದೇ ಲೇಸು, ನಾನೂ ಅವರಿಗೆ ಅದನ್ನೇ ಹೇಳುತ್ತೇನೆ.

ಪಕ್ಕದ ಮನೆಯ ಕಾಕಾ ಬರುವ ಬೇಸಿಗೆಯಲ್ಲಿ ಮೇಲೊಂದು ಅಂತಸ್ತು ಕಟ್ಟಿಸುವವರಿದ್ದಾರೆ. ಮೊನ್ನೆ ಅವರೇ ಟೇಪ್ ಹಿಡಿದು ನನ್ನೊಡನೆ ಮಾಳಿಗೆ ಹತ್ತಿ, ಗೋಡೆ ಎಲ್ಲಿಯವರೆಗೆ ಏರುತ್ತದೆ ಎಂದು ತೋರಿಸಿದರು. ಆರೂ ಪ್ಯಾನೆಲ್‌ಗಳನ್ನು ನಮ್ಮ ಮೆಟ್ಟಿಲ ಕೋಣೆಯ ಮೇಲಕ್ಕೆ ಏರಿಸಬೇಕಾಗಿದೆ. ಈ ಸಲ ಅಳತೆಯನ್ನು ಡಿಸೆಂಬರ್ ಮೂರನೆಯ ವಾರದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಸೀಮೆಸುಣ್ಣ ಹಿಡಿದು ಗುರುತು ಹಾಕಿಕೊಳ್ಳುತ್ತೇನೆ.