‘ಆಗಲ್ಲ’ ಅನ್ನುವ ಮಾತನ್ನು ಇಂಗ್ಲಿಷ್ ಅರ್ಜಿಗೆ ಇಳಿಸುವಾಗ

ಹಾಸನದ ಕೋರ್ಟಿನ ಹತ್ತಿರ ನನ್ನದೊಂದು ಜಾಬ್ ಟೈಪಿಂಗ್ ಅಂಗಡಿ ಇದೆ. ಜೆರಾಕ್ಸ್, ಅಫಿಡವಿಟ್, ಅರ್ಜಿ ಎಲ್ಲ ಅಲ್ಲೇ. ಕನ್ನಡದ ಅರ್ಜಿಯಾದರೆ ಹೇಳಿದ್ದನ್ನು ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕೊಟ್ಟರೆ ಮುಗಿಯಿತು. ಇನ್ಶೂರೆನ್ಸ್ ಕಂಪನಿಗೋ, ಬ್ಯಾಂಕಿನ ಮೇಲಿನ ಕಚೇರಿಗೋ ಹೋಗುವ ಇಂಗ್ಲಿಷ್ ಪತ್ರ ಹಾಗಲ್ಲ. ಬಂದವರು ಕನ್ನಡದಲ್ಲಿ ಹೇಳುತ್ತಾರೆ, ಇಂಗ್ಲಿಷ್ ನಾನು ಮಾಡಬೇಕು. ಅವರ ಬಾಯಲ್ಲಿ ಜಾಸ್ತಿ ಬರುವ ಮಾತು ‘ಆಗಲ್ಲ’.

“ಮೇಡಂ, ಕಂತು ಕಟ್ಟಕಾಗಲ್ಲ ಅಂತ ಬರೀರಿ.” “ವಿಚಾರಣೆಗೆ ಬರಕಾಗಲ್ಲ ಅಂತ ಹಾಕಿ ಅಕ್ಕಾ.”

ಕೆಲವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ‘ಇನೆಬಿಲಿಟಿ’ ಅನ್ನೋ ಪದ ಇರಲೇಬೇಕು, ಅದಿದ್ದರೆ ಅರ್ಜಿಗೆ ತೂಕ ಅಂತ. ತೂಕ ಇದೆ, ನಿಜ. ಆದರೆ ಯಾವ ಕಡೆ ವಾಲುತ್ತದೆ ಅಂತ ನೋಡಿಕೊಂಡು ಹಾಕಬೇಕು. ಹಾಗಾಗಿ ಕೀಬೋರ್ಡ್ ಮುಟ್ಟುವ ಮೊದಲು ನಾನು ಕೇಳುವುದು ಇಷ್ಟೇ: ಏನು ಆಗಲ್ಲ? ಯಾಕೆ? ಎಷ್ಟು ದಿನ?

ಆಲೂರು ಕಡೆಯ ಒಬ್ಬ ರೈತರು ಬಂದಿದ್ದರು. ಜಲಂಧರ್ ಬಿತ್ತನೆ ಗಡ್ಡೆ ತಂದು ಮುಂಗಾರಿಗೆ ಆಲೂಗಡ್ಡೆ ಹಾಕಿದ್ದರು. ಮಳೆ ಬಿಡಲಿಲ್ಲ, ಅಂಗಮಾರಿ ಬಿತ್ತು, ಗಿಡ ಕರಕಲಾಯಿತು. “ಸಾಲ ಕಟ್ಟಕಾಗಲ್ಲ ಅಂತ ಖಡಕ್ಕಾಗಿ ಬರೀರಿ” ಅಂದರು. ಯಾವತ್ತೂ ಆಗಲ್ವಾ, ಈಗ ಆಗಲ್ವಾ ಅಂತ ಕೇಳಿದೆ. “ಏ, ಯಾವತ್ತೂ ಅಂತಲ್ಲ. ಶುಂಠಿ ಕಿತ್ತ ಮೇಲೆ ಕಟ್ತೀನಿ” ಅಂದರು.

ಇಲ್ಲೇ ಇರುವುದು ವಿಷಯ. ‘ಮೈ ಇನೆಬಿಲಿಟಿ ಟು ರಿಪೇ ದ ಲೋನ್’ ಅಂತ ಸುಮ್ನೆ ಬರೆದರೆ ಓದಿದವರಿಗೆ ಈ ಮನುಷ್ಯ ಪೂರ್ತಿ ಕೈಚೆಲ್ಲಿದ್ದಾನೆ ಅನ್ನಿಸುತ್ತದೆ. ಇಂಗ್ಲಿಷ್ ಕಾನೂನಿನ ಭಾಷೆಯಲ್ಲಿ ‘ಅನೇಬಲ್ ಟು ಪೇ ಹಿಸ್ ಡೆಟ್ಸ್’ (ತನ್ನ ಸಾಲ ತೀರಿಸಲು ಆಗದವನು) ಅಂದರೆ ದಿವಾಳಿಯ ಮಾತು. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ಸಾಲಗಾರ ತಾನೇ ಅರ್ಜಿ ಹಾಕಬೇಕಾದರೆ ಮೊದಲು ಹೀಗೆ ‘ಅನೇಬಲ್’ ಆಗಿರಬೇಕು. 1956ರ ಕಂಪನಿ ಕಾಯ್ದೆಯಲ್ಲೂ ಕಂಪನಿ ಮುಚ್ಚಿಸುವುದಕ್ಕೆ ಇದೇ ಮಾತು ಒಂದು ಕಾರಣವಾಗಿತ್ತು. ಶುಂಠಿ ನಂಬಿಕೊಂಡು ಕೂತವರ ಪತ್ರದಲ್ಲಿ ಅದು ಯಾಕೆ ಬೇಕು? ಅದಕ್ಕೆ ಮೊತ್ತ, ತಿಂಗಳು, ಕಾರಣ ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿದೆ. ಅಕ್ಟೋಬರಿನಲ್ಲಿ ಕಟ್ಟಬೇಕಾದ ಕಂತನ್ನು ಬೆಳೆ ಹಾಳಾದ್ದರಿಂದ ಕಟ್ಟಲು ‘ಅನೇಬಲ್’, ಫೆಬ್ರವರಿ ಕೊನೆವರೆಗೆ ಸಮಯ ಕೊಡಿ ಅಂತ. ಅವರಿಗೆ ಓದಿ ಕನ್ನಡದಲ್ಲಿ ಹೇಳಿದಾಗ “ಇದು ಸ್ವಲ್ಪ ಮೆತ್ತಗಾಯ್ತಲ್ವಾ?” ಅಂದರು. ಸಾಲದ ಪತ್ರ ಮೆತ್ತಗಿದ್ದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ವಕೀಲರ ನೋಟಿಸಿಗೆ ಉತ್ತರ ಕೊಡುವಾಗ ಇನ್ನೊಂದು ಎಚ್ಚರ ಬೇಕು. ನೋಟಿಸುಗಳಲ್ಲಿ ‘ಫೇಲ್ಡ್ ಅಂಡ್ ನೆಗ್ಲೆಕ್ಟೆಡ್ ಟು ಪೇ’ ಅಂತ ಬರುತ್ತದೆ. ಕೊಡಬೇಕಾಗಿತ್ತು, ಕೊಡಲಿಲ್ಲ, ಲಕ್ಷ್ಯವನ್ನೂ ಮಾಡಲಿಲ್ಲ ಅನ್ನುವ ಆರೋಪ ಅದು. ಅದನ್ನು ನೋಡಿಕೊಂಡು ಉತ್ತರದಲ್ಲೂ ‘ಮೈ ಫೇಲ್ಯೂರ್ ಟು ಪೇ’ ಅಂತ ಬರೆದರೆ ಆರೋಪವನ್ನು ನಾವೇ ಒಪ್ಪಿಕೊಂಡ ಹಾಗೆ. ‘ಫೇಲ್ಯೂರ್’ ಅಂದರೆ ಮಾಡಬೇಕಾದ್ದನ್ನು ಮಾಡಲಿಲ್ಲ. ‘ಇನೆಬಿಲಿಟಿ’ ಅಂದರೆ ಮಾಡುವ ಶಕ್ತಿ ಇರಲಿಲ್ಲ. ಆ ಪದಕ್ಕೆ ಸರಿಯಾದ ಜಾಗ ಇದು. ಅಂಥ ಉತ್ತರದ ಕರಡನ್ನು ವಕೀಲರಿಗೆ ತೋರಿಸದೆ ಕಳಿಸಬೇಡಿ ಅಂತಲೂ ಹೇಳುತ್ತೇನೆ.

ಪದದ ಕಟ್ಟುನಿಟ್ಟು ನನಗೆ ಕೆಲಸ ಮಾಡುತ್ತಲೇ ಕೈಗೆ ಹತ್ತಿದ್ದು. ‘ಇನೆಬಿಲಿಟಿ’ಯ ಹಿಂದೆ ಯಾರದ್ದು ಅನ್ನುವುದು ಬರಬೇಕು, ಮುಂದೆ ‘ಟು’ ಬಂದು ಕ್ರಿಯಾಪದ ಬರಬೇಕು. ‘ಹಿಸ್ ಇನೆಬಿಲಿಟಿ ಟು ಅಟೆಂಡ್’ ಸರಿ. ‘ಇನೆಬಿಲಿಟಿ ಆಫ್ ಅಟೆಂಡಿಂಗ್’ ಸರಿಯಲ್ಲ. ಆ ‘ಆಫ್’, ‘ಇಂಗ್’ ಜೋಡಿ ‘ಇನ್ಕೇಪಬಲ್’ ಜೊತೆ ಹೋಗುತ್ತದೆ. ‘ಅನೇಬಲ್’ ಸಾಮಾನ್ಯವಾಗಿ ವಾಕ್ಯದ ಒಳಗೆ ‘ಆಮ್’, ‘ಈಸ್’, ‘ವಾಸ್’ ಹಿಡಿದುಕೊಂಡು ಬರುತ್ತದೆ. ‘ಅನೇಬಲ್ ಮ್ಯಾನ್’ ಅಂತ ಯಾರೂ ಅನ್ನುವುದಿಲ್ಲ. ‘ಅನೇಬಲ್’ಗೆ ‘ಅನ್’, ‘ಇನೆಬಿಲಿಟಿ’ಗೆ ‘ಇನ್’ ಯಾಕೆ ಅಂತ ಕಾಲೇಜು ಹುಡುಗರು ಕೇಳುತ್ತಾರೆ. ‘ಅನ್’ ಇಂಗ್ಲಿಷಿನ ಸ್ವಂತದ್ದು, ‘ಇನ್’ ಲ್ಯಾಟಿನ್ ಕಡೆಯದ್ದು. ‘ಅನಬಿಲಿಟಿ’ ಅನ್ನುವ ರೂಪವೂ ಒಂದು ಕಾಲದಲ್ಲಿತ್ತು, ಬಳಕೆ ತಪ್ಪಿಹೋಯಿತು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದರೆ ಸಿಗದು.

ಕನ್ನಡದಲ್ಲಿ ನಾವು ‘ಆಗಲ್ಲ’, ‘ಬರಲ್ಲ’ ಎರಡನ್ನೂ ಬೇರೆ ಇಟ್ಟಿದ್ದೇವೆ. ಈಜು ಬರಲ್ಲ ಅಂದರೆ ಕಲಿತಿಲ್ಲ. ಈಜಕಾಗಲ್ಲ ಅಂದರೆ ಕೈನೋವೋ, ಜ್ವರವೋ. ‘ಅನೇಬಲ್’ ಹೋಗುವುದು ಈ ಎರಡನೆಯದರ ಕಡೆ. ಹೆಬ್ಬೆಟ್ಟಿನ ಅಫಿಡವಿಟ್‌ಗಳಲ್ಲಿ ಇದು ಮುಖ್ಯ. ಓದು ಬರಹ ಕಲಿಯದ ಅಜ್ಜಿಯೂ ಹೆಬ್ಬೆಟ್ಟು ಒತ್ತುತ್ತಾರೆ, ಪಾರ್ಶ್ವವಾಯು ಹೊಡೆದ ರಿಟೈರ್ಡ್ ಮೇಷ್ಟ್ರೂ ಒತ್ತುತ್ತಾರೆ. ಅಜ್ಜಿಗೆ ‘ಡಸ್ ನಾಟ್ ನೋ ಹೌ ಟು ರೀಡ್ ಅಂಡ್ ರೈಟ್’, ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಅನ್ನುವ ಷರಾ. ಮೇಷ್ಟ್ರಿಗೆ ‘ಅನೇಬಲ್ ಟು ಸೈನ್’, ಜೊತೆಗೆ ಕಾಯಿಲೆಯ ಹೆಸರು. ಮೇಷ್ಟ್ರಿಗೆ ಅಜ್ಜಿಯ ಸಾಲು ಹಾಕಿದರೆ ಅವರ ಮನೆಯವರು ಸುಮ್ಮನಿರುತ್ತಾರಾ?

ಜೀವನಾಂಶದ ಅರ್ಜಿಗಳಲ್ಲಿ ಮಾತ್ರ ಪದ ಬದಲಿಸುವ ಗೋಜಿಗೆ ನಾನು ಹೋಗುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನಲ್ಲಿ ಹೆಂಡತಿ ‘ಅನೇಬಲ್ ಟು ಮೇಂಟೇನ್ ಹರ್‌ಸೆಲ್ಫ್’ ಆಗಿರಬೇಕು ಅಂತ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 144ನೇ ಕಲಂ. ಕಲಂ ನಂಬರ್ ಬದಲಾಗಿದೆ, ಆ ಮಾತು ಹಾಗೇ ಇದೆ. ವಕೀಲರು ಕೊಟ್ಟ ಕರಡಿನಲ್ಲಿ ಈ ಮೂರ್ನಾಲ್ಕು ಪದಗಳನ್ನು ಚಂದ ಮಾಡಲು ಹೋಗಬಾರದು. ಕೋರ್ಟು ಹುಡುಕುವುದು ಅದನ್ನೇ.

‘ಡಿಸೆಬಿಲಿಟಿ’ ಪೂರ್ತಿ ಬೇರೆ. ಅಂಗವಿಕಲರ ಪಿಂಚಣಿ, ಬಸ್ ಪಾಸ್, ಮೀಸಲಾತಿ ಅರ್ಜಿಗೆ ಬರುವವರ ಪತ್ರದಲ್ಲಿ ‘ಇನೆಬಿಲಿಟಿ’ ಬಂದರೆ ಅರ್ಥವೇ ಕೆಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ‘ಡಿಸೆಬಿಲಿಟಿ’ಗಳನ್ನು ಪಟ್ಟಿ ಮಾಡಿದೆ. ಅದಕ್ಕೆ ಮೊದಲಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಮೀಸಲಾತಿಯಂಥ ಸೌಲಭ್ಯಕ್ಕೆ ಪ್ರಮಾಣಪತ್ರದಲ್ಲಿ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ನಾನು ‘ಪರ್ಸನ್ ವಿತ್ ಡಿಸೆಬಿಲಿಟಿ’ ಅಂತ ಬರೆಯುತ್ತೇನೆ, ಕಾಯ್ದೆಯ ಹೆಸರಿನಲ್ಲಿ ಇರುವುದೂ ಹಾಗೆಯೇ. ಪೋಲಿಯೊ ಆದ ಹುಡುಗನೊಬ್ಬ ಟ್ಯಾಲಿ ಕೆಲಸಕ್ಕೆ ಅರ್ಜಿ ಹಾಕಿಸಲು ಬಂದಿದ್ದ. ಅವನಿಗೆ ‘ಡಿಸೆಬಿಲಿಟಿ’ ಇದೆ, ಲೆಕ್ಕ ಬರೆಯುವುದರಲ್ಲಿ ಯಾವ ‘ಇನೆಬಿಲಿಟಿ’ಯೂ ಇಲ್ಲ. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಟ್ಟೆ. ಟ್ಯಾಲಿ ಮೊದಲು, ಪ್ರಮಾಣಪತ್ರ ಆಮೇಲೆ.

ಜಮೀನು ಕೇಸಿನ ಕಡತಗಳಲ್ಲಿ ‘ಲೀಗಲ್ ಡಿಸೆಬಿಲಿಟಿ’ ಅಂತ ಕಂಡರೆ ಗಾಬರಿಯಾಗಬೇಡಿ. 1963ರ ಕಾಲಮಿತಿ ಕಾಯ್ದೆಯ 6ನೇ ಕಲಂನಲ್ಲಿ ಹದಿನೆಂಟು ತುಂಬದ ಮಗುವೂ ಆ ಲೆಕ್ಕಕ್ಕೆ ಬರುತ್ತದೆ. ಮೈಗೆ ಏನೂ ಆಗಿರುವುದಿಲ್ಲ, ಸ್ವಂತವಾಗಿ ದಾವೆ ಹಾಕುವ ವಯಸ್ಸು ಆಗಿರುವುದಿಲ್ಲ ಅಷ್ಟೇ.

‘ಇನ್ಕೇಪಬಲ್’, ‘ಇನ್ಕಾಂಪಿಟೆಂಟ್’ ಎರಡನ್ನೂ ನಾನು ಪತ್ರಗಳಲ್ಲಿ ಹಾಕುವುದಿಲ್ಲ. ಮೊದಲನೆಯದರಲ್ಲಿ ಹುಟ್ಟಾ ಆಗದವನು ಅನ್ನುವ ಧ್ವನಿ ಇದೆ, ಎರಡನೆಯದು ನೇರ ಬೈಗುಳ. ಬ್ರಿಟನ್ನಿನ ಪೊಲೀಸರ ಮಾತಿನಲ್ಲಿ ಕುಡಿದು ರಸ್ತೆಯಲ್ಲಿ ಬಿದ್ದವನು ‘ಡ್ರಂಕ್ ಅಂಡ್ ಇನ್ಕೇಪಬಲ್’. ಅತ್ತೆ ಕಾಯಿಲೆಗೆ ರಜೆ ಕೇಳುವ ಸೊಸೆಯ ಪತ್ರದಲ್ಲಿ ಆ ಪದಕ್ಕೇನು ಕೆಲಸ? ‘ಹಿ ಈಸ್ ಇನ್ಕೇಪಬಲ್ ಆಫ್ ಲೈಯಿಂಗ್’ ಅಂದರೆ ಹೊಗಳಿಕೆಯೂ ಆಗುತ್ತದೆ, ಅದನ್ನು ಬರೆಸಲು ಇನ್ನೂ ಯಾರೂ ಬಂದಿಲ್ಲ.

ಪ್ರಿಂಟ್ ಕೊಡುವ ಮೊದಲು ಕಂಟ್ರೋಲ್ ಎಫ್ ಒತ್ತಿ ‘ಏಬಲ್’ ಹುಡುಕುತ್ತೇನೆ. ಗಿರಾಕಿಗಳು ಮೊಬೈಲಿನಲ್ಲಿ ತಾವೇ ಬರೆದು ತಂದ ಕರಡಿನಲ್ಲಿ ‘ಐ ಕ್ಯಾಂಟ್ ಏಬಲ್ ಟು ಕಮ್’ ಇದ್ದೇ ಇರುತ್ತದೆ. ನಮ್ಮ ಕಡೆ ಡಿಗ್ರಿ ಮುಗಿಸಿದವರೂ ಹೀಗೆ ಬರೆಯುತ್ತಾರೆ. ‘ಕ್ಯಾಂಟ್’ ಬೇಕೋ ‘ಆಮ್ ನಾಟ್ ಏಬಲ್ ಟು’ ಬೇಕೋ ನೋಡಿ ಒಂದನ್ನು ಉಳಿಸುತ್ತೇನೆ. ಆಮೇಲೆ ಎರಡು ಕಾಪಿ ತೆಗೆದು, ಒಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.